ಮುನಿವೆಂಕಟಮ್ಮ ಬಿಗಿದ ಹೆಡ್

ತಮಿಳು ಸೀಮೆಯ ಮೇಚೇರಿಯ ಟೀ ಅಂಗಡಿಗಳಲ್ಲಿ ಇನ್ನೂ ಹಾಲು ಕಾಯಬೇಕು. ಅಷ್ಟರಲ್ಲಾಗಲೇ ಕುಪ್ಪಸ್ವಾಮಿಯವರ ವರ್ಕ್‌ಶಾಪಿನ ತಗಡಿನ ಮಾಡಿನ ಕೆಳಗೆ ಮುನಿವೆಂಕಟಮ್ಮ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ಎದುರಿಗೆ ಸಣ್ಣ ಗೂಡ್ಸ್ ವ್ಯಾನೊಂದರ ಅಲ್ಯೂಮಿನಿಯಂ ಹೆಡ್ ಮಗುಚಿಕೊಂಡಿದೆ. ಹೆಡ್ ಎಂದರೆ ಎಂಜಿನ್ನಿನ ಮುಚ್ಚಳ. ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ತೆಳು ಹಾಳೆ ಗ್ಯಾಸ್ಕೆಟ್. ಬಿಸಿ ತಡೆಯದೆ ಸುಟ್ಟಾಗ ಅದು ತಳ ಹಿಡಿದ ಮುದ್ದೆಯಂತೆ ಕಚ್ಚಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯುವುದು ಇವರ ಕೆಲಸ.

ಇವರು ಕೆರೆಯುವುದು ಕಬ್ಬಿಣದ ಅಲಗಿನಿಂದಲ್ಲ, ಮೇಕೆಯ ಕೊಂಬಿನಿಂದ. ಸೀಳಿ, ಕಲ್ಲಿಗೆ ಉಜ್ಜಿ, ತಾವೇ ಅಂಚು ಕೊಟ್ಟುಕೊಂಡಿದ್ದಾರೆ. ಅಲ್ಯೂಮಿನಿಯಂ ಮೆದು, ಕಬ್ಬಿಣ ತಾಗಿದರೆ ಗೀರು ಬೀಳುತ್ತದೆ. ಗೀರು ಬಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿದರೂ ನೀರು ಸೋರುತ್ತದೆ. ಬೇರೆ ಕಡೆ ಗ್ರೈಂಡರಿಗೆ ಉಜ್ಜುವ ಉಪ್ಪುಕಾಗದ ಸಿಕ್ಕಿಸಿ ಚಿಟಿಕೆ ಹೊಡೆಯುವಷ್ಟರಲ್ಲಿ ಫಳಫಳ ಮಾಡಿಬಿಡುತ್ತಾರಂತೆ. ಆಮೇಲೆ ಅದೇ ಗಾಡಿ ಹೊಗೆ ಬಿಟ್ಟುಕೊಂಡು ಇಲ್ಲಿಗೆ ಬರುತ್ತದೆ. ಎಂಜಿನ್ ಕೆಟ್ಟಾಗ ಬಾನೆಟ್ ಎತ್ತಿ ಮುಖ ಸಿಂಡರಿಸುವುದಷ್ಟೇ ಗೊತ್ತಿರುವ, ಇವರ ಕೆಲಸ ನೋಡಲು ಬಂದ ನನಗೂ ಇಷ್ಟು ಅರ್ಥವಾಯಿತು.

ಮುನಿವೆಂಕಟಮ್ಮ ಕುರಿ ಸಾಕುವ ಕನ್ನಡದ ಮನೆಯವರು. ಮಂದೆಯಲ್ಲಿ ಗೊರಸು ಬೆಳೆದ ಕುರಿಗಳನ್ನು ಹಿಡಿದು ಅದನ್ನು ಕೆತ್ತುವುದು ಇವರದೇ ಕೆಲಸವಾಗಿತ್ತು. ಗಂಡ ತೀರಿಕೊಂಡ ಮೇಲೆ ಮಂದೆ ಭಾವಂದಿರ ಪಾಲಾಯಿತು. ಇವರು ಈ ವರ್ಕ್‌ಶಾಪಿಗೆ ಕಸ ಗುಡಿಸಲು, ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯಲು ಬಂದರು. ಬೆರಳ ಚರ್ಮ ಸುಲಿದು ಅನ್ನ ಕಲಸುವುದೇ ಕಷ್ಟವಾಗಿದ್ದ ದಿನಗಳವು. ಒಬ್ಬ ಮೆಕ್ಯಾನಿಕ್ ಉಳಿ ಹಾಕಿ ಹೆಡ್ ಕೆತ್ತುವುದನ್ನು ನೋಡಲಾರದೆ ಕೊಂಬಿನ ಚೂರು ಹಿಡಿದು ಕೂತರಂತೆ.

"ಗೊರಸು ಕೆತ್ತೋವಾಗ ಸತ್ತಿದ್ದು ಎಲ್ಲಿಗೆ ಮುಗೀತದೆ, ಉಸುರಿರೋದು ಎಲ್ಲಿಂದ ಸುರು ಅಂತ ಕೈಗೇ ಗೊತ್ತಾಗಬೇಕು. ಇಲ್ಲಾಂದ್ರೆ ರತ್ತಂ ಬಂದ್ಬುಡ್ತದೆ. ಇದೂ ಅಂಗೇಯ" ಎನ್ನುತ್ತಾರೆ.

ಈಗ ಮೇಟ್ಟೂರಿನಿಂದ, ತಾರಮಂಗಲದಿಂದ ದಿನಕ್ಕೆ ನಾಲ್ಕೈದು ಹೆಡ್ ಇವರನ್ನು ಹುಡುಕಿಕೊಂಡು ಬರುತ್ತವೆ. ಆದರೆ ಕೆರೆದು ಕೊಟ್ಟ ಮೇಲೆ ಎಂಜಿನ್ನಿಗೆ ಕೂರಿಸಿ ಬಿಗಿಯುವವರು ಬೇರೆ. ಮೆಕ್ಯಾನಿಕ್ ಅನ್ನಿಸಿಕೊಳ್ಳುವವನು ಬಿಗಿಯುವವನೇ. ಅದೊಂದು ಇವರ ಗಂಟಲಿನ ಮುಳ್ಳು.

ಇವತ್ತಿನ ಹೆಡ್ ಮಾರಂಡಹಳ್ಳಿಯ ಮಾದೇಶ್ ಅವರದು. ನಿನ್ನೆ ಇಲ್ಲಿನ ಸಂತೆಯಲ್ಲಿ ಕುರಿ ಕೊಂಡು ಹೊರಡುವಷ್ಟರಲ್ಲಿ ವ್ಯಾನ್ ಕುದಿದು ನಿಂತಿದೆ. ಊರಿಗೆ ಹೋಗಲು ತೊಪ್ಪೂರು ಘಾಟಿ ಹತ್ತಬೇಕು. ಅಲ್ಲಿ ಎಂಜಿನ್ನಿನ ಬಂಡವಾಳ ಬಯಲಾಗುತ್ತದೆ. ಇದನ್ನು ತಾನೇ ಬಿಗಿಯುತ್ತೇನೆಂದು ಮುನಿವೆಂಕಟಮ್ಮ ನಿನ್ನೆಯೇ ಕೇಳಿದ್ದಾರೆ. ಆಗಲಿ, ಆದರೆ ಘಾಟಿಯಲ್ಲಿ ಗಾಡಿ ಕುದಿದರೆ ಮತ್ತೆ ಈ ಮಾತು ಎತ್ತಬಾರದು ಎಂದಿದ್ದಾರೆ ಕುಪ್ಪಸ್ವಾಮಿ. ಮಾದೇಶ್ ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿದ್ದಾರೆ.

ತೂತುಗಳಿಗೆಲ್ಲ ಬಟ್ಟೆ ತುರುಕಿ, ತಿನ್ನರ್ ಹಚ್ಚಿ ನೆನೆಸಿ, ಮುನಿವೆಂಕಟಮ್ಮ ಕೊಂಬು ಆಡಿಸುತ್ತಾರೆ. ಬ್ಲಾಕಿನ ಮುಖಕ್ಕೂ ಅದೇ ಉಪಚಾರ. ಆಮೇಲೆ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಅಡ್ಡ ನಿಲ್ಲಿಸಿ ಬಿಸಿಲಿಗೆ ಹಿಡಿಯುತ್ತಾರೆ. ಕೆಳಗಿನಿಂದ ಒಂದು ಎಳೆ ಬೆಳಕೂ ನುಸುಳುವುದಿಲ್ಲ, ಮುಖ ಸಮವಾಗಿದೆ. ಹೊಸ ಗ್ಯಾಸ್ಕೆಟ್ ಹಾಸಿ, ಮೇಲೆ ಹೆಡ್ ಕೂರಿಸಿ, ತೋಳಿನುದ್ದದ ಸ್ಪ್ಯಾನರ್ ಹಿಡಿದು, ನಡುವಿನ ಬೋಲ್ಟಿನಿಂದ ಶುರುಮಾಡಿ ಅಂಚಿನತ್ತ ಸ್ವಲ್ಪಸ್ವಲ್ಪವೇ ಬಿಗಿಯುತ್ತಾರೆ. ಯಾರೂ ಸಹಾಯಕ್ಕೆ ಬರುವುದಿಲ್ಲ, ಇವರು ಕರೆಯುವುದೂ ಇಲ್ಲ.

ಮಧ್ಯಾಹ್ನ ಕುರಿ ತುಂಬಿಕೊಂಡು ವ್ಯಾನ್ ಹೊರಡುತ್ತದೆ. ಕುಪ್ಪಸ್ವಾಮಿ ಒಂದರ ಮೇಲೊಂದು ಟೀ ಕುಡಿಯುತ್ತಾರೆ. ಮುನಿವೆಂಕಟಮ್ಮನ ಮುಂದೆ ಇನ್ನೊಂದು ಹೆಡ್ ಇದೆ, ಕೈ ಓಡುತ್ತಿಲ್ಲ.

ಕೊನೆಗೆ ಕುಪ್ಪಸ್ವಾಮಿಯವರ ಫೋನ್ ಬಡಿದುಕೊಳ್ಳುತ್ತದೆ. ಅವರು ಸ್ಪೀಕರ್ ಹಾಕಿ ಗೋಣಿಚೀಲದ ಪಕ್ಕದಲ್ಲಿಡುತ್ತಾರೆ. ಕುರಿಗಳ ಗದ್ದಲದ ನಡುವೆ ಮಾದೇಶ್ ದನಿ:

"ಅಕ್ಕಾ, ಮೇಲಕ್ಕೆ ಅತ್ತಿ ಬಂದ್ಬುಟ್ಟೆ. ಎಲ್ಲೂ ನಿಲ್ಲಿಸ್ಲಿಲ್ಲ. ಕಾವು ತೋರ್ಸೋ ಸೂಜಿ ನಡುವೇ ನಿಂತೈತೆ."

ಕುಪ್ಪಸ್ವಾಮಿ ಫೋನ್ ಎತ್ತಿಕೊಂಡು, ಅಂಗಳದಲ್ಲಿ ಕಾಯುತ್ತಿದ್ದ ತಾರಮಂಗಲದ ಕಾರಿನವರಿಗೆ ತಮಿಳಿನಲ್ಲಿ ಹೇಳುತ್ತಾರೆ: ಮೆಕ್ಯಾನಿಕ್ ಅಲ್ಲಿ ಕೂತಿದ್ದಾರೆ, ಅವರನ್ನೇ ಕೇಳಿ.

ಈಗ ಏನನ್ನಿಸುತ್ತಿದೆ ಎಂದು ನಾನು ಕೇಳುತ್ತೇನೆ. ಮುನಿವೆಂಕಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬಾಯ್ತುಂಬ ನಗುತ್ತಾರೆ.

"ಇಷ್ಟು ದಿನ ಇನ್ನೊಬ್ರು ಬಿಗಿದ ಗಾಡಿ ಓಯ್ತಿತ್ತು, ನಾನು ನಿಂತು ನೋಡ್ತಿದ್ದೆ. ಇವತ್ತು ಘಾಟಿ ಅತ್ತಿದ್ದು ನಂದು."