ಎರಡು ಸಲ ಮಾಡಿದ ಕಾಡಿಗೆ

ಹರಳೆಣ್ಣೆ ಮಸಿಯ ವಾಸನೆ ಮೂಗಿಗೆ ಬಂದದ್ದೇ ತಡ, ಚಾಚಿದ ಕೈ ಹಿಂದೆ ಸರಿಯಿತು. ಮೊಮ್ಮಗುವಿಗೆ ಕಾಡಿಗೆ ಹಚ್ಚಿಕೊಡಿ ಎಂದು ಸೊಸೆ ಡಬ್ಬಿ ತೆರೆದು ಹಿಡಿದಿದ್ದಳು. ನನಗೆ ಅಜ್ಜಂಪುರದ ಎದುರುಮನೆ ಅಕ್ಕ ನೆನಪಾದರು...

ಅಕ್ಕನ ಗಂಡ ಅವರ ಸೋದರಮಾವನೇ. ಅತ್ತೆಯೆಂದರೆ ಹೆತ್ತ ತಾಯಿಯ ತಾಯಿ. ಮೊದಲ ಮಗು ಕಣ್ಣುಗುಡ್ಡೆಗಳೇ ಇಲ್ಲದೆ ಹುಟ್ಟಿ ಹನ್ನೊಂದನೇ ದಿನಕ್ಕೆ ಹೋಯಿತು. ಕೊಟ್ಟವರೂ ತಂದುಕೊಂಡವರೂ ಒಂದೇ ಮನೆಯವರಾದ್ದರಿಂದ ಅಜ್ಜಿಗೆ ಬೈಯಲು ಬೀಗರಿರಲಿಲ್ಲ. ಬಸಿರಲ್ಲಿ ಗ್ರಹಣ ನೋಡಿದ್ದಾಳೆ ಎಂದುಬಿಟ್ಟರು.

ಎರಡನೆಯ ಬಸಿರು ಎಂಬತ್ತರ ದಶಕದ ಕೊನೆಯಲ್ಲಿ. ಎಂಟು ತಿಂಗಳು ತುಂಬಿದಾಗ ತರೀಕೆರೆಯ ಡಾಕ್ಟರು, ದಾವಣಗೆರೆಗೆ ಹೊಸದಾಗಿ ಬಂದಿದ್ದ ಸ್ಕ್ಯಾನಿಂಗ್ ಮಷಿನ್ನಿನಲ್ಲಿ ತೋರಿಸಿ ಎಂದರು. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವಳು ನಾನೊಬ್ಬಳೇ, ಜೊತೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ಅಕ್ಕನ ಗಂಡನನ್ನೂ ನನ್ನನ್ನೂ ಹೊರಗೆ ಕರೆದು, ಈ ಮಗುವಿಗೂ ಕಣ್ಣುಗುಡ್ಡೆ ಕಾಣುತ್ತಿಲ್ಲ, ಈಗ ಮಾಡುವಂಥದ್ದೇನೂ ಇಲ್ಲ, ರಕ್ತಸಂಬಂಧದಲ್ಲಿ ಹೀಗಾಗುವುದುಂಟು ಎಂದರು. ಹೆರಿಗೆಯವರೆಗೆ ಅವಳಿಗೆ ತಿಳಿಯುವುದು ಬೇಡ ಎಂದು ಅಕ್ಕನ ಗಂಡ ನನಗೆ ಕೈಮುಗಿದರು.

ವಾಪಸ್ ಬರುವಾಗ ರೈಲಿನಲ್ಲಿ ಅಕ್ಕ ಸ್ಕ್ಯಾನಿಂಗಿನವರು ಕೊಟ್ಟಿದ್ದ ಇಂಗ್ಲಿಷ್ ಕಾಗದವನ್ನು ನನ್ನ ಮಡಿಲಿಗೆ ಹಾಕಿದರು.

"ಕಣ್ಣಿನ್ ವಿಷ್ಯ ಏನ್ ಬರ್ದವ್ರೆ, ಓದೇ."

"ಎಲ್ಲಾ ಸರಿಯಾಗೈತಂತೆ ಕಣಕ್ಕ," ಎಂದೆ.

ಮಾರನೆಯ ದಿನವೇ ಅಕ್ಕ ಕಾಡಿಗೆ ಮಾಡಲು ಕೂತರು. ಹುಟ್ಟುವ ಮೊದಲೇ ಮಾಡಬಾರದು ಎಂದ ಅಜ್ಜಿಯ ಮಾತನ್ನೂ ಕೇಳಲಿಲ್ಲ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ನೆನೆಸಿ ಒಣಗಿಸಿದ ಬಟ್ಟೆಯಿಂದ ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ ಮಸಿ ಹಿಡಿದರು. ತುಪ್ಪದಲ್ಲಿ ಕಲಸಿ, ಉರಿಯುತ್ತದೆಯೇನೋ ನೋಡಲು ಮೊದಲು ನನ್ನ ಕಣ್ಣಿಗೇ ಹಚ್ಚಿದರು. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ಉರಿಯುವುದು ಮಗುವಿಗೆ ಬೇಡ ಎಂದು ಅಕ್ಕ ಅದನ್ನು ಹಿತ್ತಲಿಗೆ ಚೆಲ್ಲಿ, ತುಂಬಿದ ಹೊಟ್ಟೆಯಲ್ಲಿ ಸೊಂಟ ಹಿಡಿದುಕೊಂಡು ಮತ್ತೆ ಮೊದಲಿನಿಂದ ಮಾಡಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹುಟ್ಟಿದ ಮಗುವಿನ ರೆಪ್ಪೆಗಳು ಒಳಗೆ ಕುಸಿದಿದ್ದವು. ಈ ಸಲ ಗ್ರಹಣ ಇರಲಿಲ್ಲ. ಅಜ್ಜಿ ಕಾಡಿಗೆಯನ್ನು ದೂರಿದರು. ನಾನು ನೋಡಲು ಹೋದಾಗ ಅಕ್ಕ ಕೇಳಿದ್ದು ಒಂದೇ ಮಾತು.

"ಅವತ್ತು ಓದ್ದೋಳು ನೀನೇ ಅಲ್ವೇನೇ?"

ತಲೆಯಾಡಿಸಿದೆ. ದಿಂಬಿನಡಿಯಿಂದ ಆ ಕಾಡಿಗೆಯ ಡಬ್ಬಿ ತೆಗೆದು ನನ್ನ ಕೈಗಿಟ್ಟರು.

"ತಗೊಂಡೋಗು. ನಿಂಗಾದ್ರೆ ಕಣ್ಣವೆ."

ಆಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ. ಹೋದ ವರ್ಷ ತೀರಿಕೊಂಡರಂತೆ... ಕ್ಷಮೆ ಕೇಳಲು ಇದ್ದವರು ಅವರೊಬ್ಬರೇ, ಅವರೂ ಹೋದರು.

ಸೊಸೆ ಇನ್ನೂ ಡಬ್ಬಿ ಹಿಡಿದೇ ನಿಂತಿದ್ದಳು. ನನಗೆ ಕೈ ನಡುಗುತ್ತದೆ, ನೀನೇ ಹಚ್ಚಮ್ಮ ಎಂದೆ.

ಕೈ ನಡುಗುತ್ತಿರಲಿಲ್ಲ.