ಜರ್ಮನ್ ಆಪೆರಾ ಮತ್ತು ಉಳ್ಳಾಗಡ್ಡಿ ಸಾಲು

ಪರದೇಶದವರ ಜಾಣತನದ ಮೇಲೆ ನನಗೆ ಮೊದಲಿನಿಂದಲೂ ಅಂಥ ಭಕ್ತಿಯಿಲ್ಲ. ಆದರೂ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಜರ್ಮನ್ ನಗೆನಾಟಕವೊಂದನ್ನು, ಅವರು ಆಪೆರಾ ಎನ್ನುತ್ತಾರಲ್ಲ ಅದನ್ನು, ಪೂರ್ತಿ ನೋಡಿದೆ. ಪೂರ್ತಿ ಎಂದರೆ ನಡುವೆ ಎರಡು ಸಲ ಗೊರಕೆ ಹೊಡೆದೆ. ಎಚ್ಚರಾದಾಗಲೂ ಅದೇ ಹೆಂಗಸು ಅದೇ ಹಾಡನ್ನು ಎಳೆಯುತ್ತಿದ್ದಳು.

ಅದರ ಹುಟ್ಟನ್ನು ಕೆದಕಿದರೆ ಇನ್ನೂ ಮಜಾ. ಮೊದಲು ಪ್ಯಾರಿಸ್ಸಿನಲ್ಲಿ ಅದೊಂದು ಮಾತಿಲ್ಲದ ಕುಣಿತವಾಗಿತ್ತಂತೆ. ಜರ್ಮನ್ ಪುಣ್ಯಾತ್ಮನೊಬ್ಬ ಅದಕ್ಕೆ ಹಾಡು ತುಂಬಿದ. ಕತೆ ಇಷ್ಟೇ: ಉಂಡದ್ದು ಅರಗದ ಇಬ್ಬರು ಅರಮನೆ ಹೆಂಗಸರು ಬೇಸರ ಕಳೆಯಲೆಂದು ಆಳುಗಳ ವೇಷ ಹಾಕಿ ಕೂಲಿಯವರ ಸಂತೆಯಲ್ಲಿ ನಿಲ್ಲುತ್ತಾರೆ. ಇಬ್ಬರು ರೈತರು ಮುಂಗಡ ಕೊಟ್ಟು ಅವರನ್ನು ವರ್ಷಕ್ಕೆ ಗೊತ್ತು ಮಾಡಿಕೊಳ್ಳುತ್ತಾರೆ. ಇವರಿಗೆ ನೂಲುವುದಕ್ಕೂ ಬಾರದು; ಕಿಟಕಿ ಹಾರಿ ಓಡಿಹೋಗುತ್ತಾರೆ. ಕೊನೆಗೆ ಮದುವೆ. ರೈತನ ಕೈ ಹಿಡಿದರೆ ಮನೆತನದ ಮಾನ ಹೋದೀತೆಂದು ಆ ಇಬ್ಬರಲ್ಲೊಬ್ಬನನ್ನು ಜಹಗೀರದಾರನ ಮಗ ಮಾಡಿಬಿಟ್ಟಿದ್ದಾರೆ! ಇಂಥದಕ್ಕೆ ಅಲ್ಲಿಯ ಜನ ತಲೆಮಾರುಗಳಿಂದ ನಗುತ್ತಿದ್ದಾರೆ.

ನಾನು ನಿವೃತ್ತ ಮಾಸ್ತರ. ನಮ್ಮೂರು ಶಲವಡಿಯಲ್ಲಿ ವರ್ಷಕ್ಕೊಂದು ನಾಟಕ ಬರೆದು ಆಡಿಸದಿದ್ದರೆ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಆ ವರ್ಷ ಒಂದು ಕತೆಯೂ ಹೊಳೆದಿರಲಿಲ್ಲವಾದ್ದರಿಂದ, ಬೈಯುತ್ತಲೇ ಇದನ್ನು ಕದ್ದೆ. ಅರಮನೆ ಹೋಗಿ ಗೌಡರ ವಾಡೆ ಬಂತು. ನೂಲು ಹೋಗಿ ಉಳ್ಳಾಗಡ್ಡಿ ಹೊಲ ಬಂತು. ಪಾತ್ರಗಳಿಗೆ ಕಳೆ ತೆಗೆಯುವ ಹೆಣ್ಣುಮಕ್ಕಳೇ ಬೇಕೆಂದು ಅವರ ಗುಂಪಿನ ಹಿರಿಯಳಾದ ಗಂಗವ್ವನಿಗೆ ಓದಿ ಹೇಳಿದೆ. ಆಕೆ ಒಪ್ಪಿದರೆ ಹತ್ತು ಜನ ಬರುತ್ತಾರೆ. ಒಪ್ಪದಿದ್ದರೆ ನಾಟಕವೇ ಇಲ್ಲ.

ಗಂಗವ್ವ ಒಂದು ಸಲವೂ ನಗಲಿಲ್ಲ. “ಓಡಿ ಹೋದ್ರಲ್ರಿ ಸರ, ಅವ್ರು ಹಿಡದ ಸಾಲು ಯಾರು ಮುಗಿಸಿದ್ರು?” ಎಂದಳು.

ಇಡೀ ಜರ್ಮನಿಯಲ್ಲಿ ಯಾರೂ ಕೇಳದ ಪ್ರಶ್ನೆ. “ಅದೆಲ್ಲಾ ನಾಟಕದಾಗ ಬರಂಗಿಲ್ಲ ಗಂಗವ್ವ,” ಎಂದು ಹಾರಿಸಿಬಿಟ್ಟೆ.

“ಹಂಗಾರ ನೀವು ಒಂದಿನಾ ಕಸಾ ತಗ್ಯಾಕ ಬರ್ರಿ. ಆಮ್ಯಾಲ ನಾವು ನಾಟಕಕ್ಕ ಬರ್ತೀವಿ.”

ಹೋದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು; ಹಿಡಿದ ಸಾಲನ್ನು ನಡುವೆ ಬಿಡುವಂತಿಲ್ಲ. ಎಳೆಯ ಉಳ್ಳಾಗಡ್ಡಿ ಸಸಿಗೂ ಹುಲ್ಲಿಗೂ ಭೇದ ತಿಳಿಯಲು ಕಣ್ಣು ಪಳಗಿರಬೇಕು. ಜೀವಮಾನವಿಡೀ ಮಕ್ಕಳ ತಪ್ಪು ಹುಡುಕಿದ ನನ್ನ ಕನ್ನಡಕದ ಕಣ್ಣು ಉಳ್ಳಾಗಡ್ಡಿಯನ್ನು ಕೀಳಿಸಿ ಹುಲ್ಲನ್ನು ಉಳಿಸಿತು. ಅರ್ಧ ಸಾಲಿಗೇ ಮೊಣಕಾಲು ಕೈಕೊಟ್ಟವು. “ನೀರು ಕುಡದು ಬರ್ತೀನಿ,” ಎಂದು ಎದ್ದವನು ಧೋತರದ ಚುಂಗು ಎತ್ತಿ ಹಿಡಿದು ಬದುವಿನ ಮರೆಯಲ್ಲಿ ಬಗ್ಗಿ ಬಗ್ಗಿ ಓಡಿ ಮನೆ ಸೇರಿದೆ.

ಸಂಜೆ ಗಂಗವ್ವ ಬಾಗಿಲಿಗೆ ಬಂದಾಗ ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ನಾಟಕದ ಕತೆ ಮುಗಿಯಿತೆಂದುಕೊಂಡೆ.

“ಆಜೂಬಾಜು ಇದ್ದಾಕಿಗೋಳು ನಿಮ್ಮ ಸಾಲು ಮುಗಿಸ್ಯಾರ್ರಿ ಸರ. ನಕ್ಕ ನಕ್ಕ ಸಾಕಾತು. ನಾಳಿಂದ ತಾಲೀಮಿಗೆ ಬರ್ತೀವಿ,” ಎಂದಳು.

ನಾಟಕದ ದಿನ ವಾಡೆಯ ಹೆಂಗಸರ ಪಾತ್ರಗಳಿಗೆ ಯಾರೂ ನಗಲಿಲ್ಲ. ನನ್ನ ಹಾಡುಗಳಿಗೆ ಜನ ಕೆಮ್ಮಿದರು. ಆದರೆ ಗಂಗವ್ವ ಕನ್ನಡಕ ಹಾಕಿಕೊಂಡು, ಧೋತರದ ಚುಂಗು ಎತ್ತಿ ಹಿಡಿದು, ಬಗ್ಗಿ ಬಗ್ಗಿ ಓಡಿದಾಗ ಊರಿಗೆ ಊರೇ ಎದ್ದು ನಿಂತು ‘ಒನ್ಸ್ ಮೋರ್’ ಕೂಗಿತು. ಆ ಜರ್ಮನ್ ನಾಟಕ ಇನ್ನೂ ಯಾಕೆ ಸತ್ತಿಲ್ಲವೆಂದು ಆಗ ತಿಳಿಯಿತು. ದೊಡ್ಡಮನುಷ್ಯರು ಕೆಲಸಕ್ಕೆ ಹೆದರಿ ಓಡುವುದನ್ನು ನೋಡಿ ಯಾವ ದೇಶದ ಜನಕ್ಕೂ ಬೇಸರವಾಗುವುದಿಲ್ಲ. ಗಂಗವ್ವ ಮೂರು ಸಲ ಓಡಬೇಕಾಯಿತು. ಇಡೀ ನಾಟಕದಲ್ಲಿ ನಾನು ಬರೆಯದೇ ಇದ್ದದ್ದು ಅದೊಂದೇ ಭಾಗ.