ಕಿವಿ ಕೇಳಿಸಿಕೊಂಡದ್ದು

ಕಿವುಡರ ಮನೆಯಲ್ಲಿ ಮೌನ ತುಂಬಿರುತ್ತದೆ ಎನ್ನುವವರು ಅಂಥ ಮನೆಯ ಹೊಸ್ತಿಲು ತುಳಿದವರಲ್ಲ. ಕಿವಿ ಎಂಬ ಹುಡುಗಿ ಬೆಳೆದ ಮನೆಯಲ್ಲಿ ತಟ್ಟೆ ಇಟ್ಟರೆ ಠಣ್ಣೆನ್ನುತ್ತಿತ್ತು, ಬಾಗಿಲು ಹಾಕಿದರೆ ಗೋಡೆ ಅದುರುತ್ತಿತ್ತು. ಅಪ್ಪ ಹೊಲಿಗೆ ಯಂತ್ರ ತುಳಿಯತೊಡಗಿದರೆ ಕೆಳಗಿನ ಅಂಗಡಿಯವನು ಕೋಲಿನಿಂದ ಸೂರು ಕುಟ್ಟುತ್ತಿದ್ದ. ಕುಟ್ಟಿ ಏನು ಬಂತು? ಕೇಳುವವರಿರಬೇಕಲ್ಲ! ಕಾಜಾ-ಗುಂಡಿ ಹಾಕುವ ಅಮ್ಮನಂತೂ ಬಿಂದಿಗೆ ಎತ್ತುವಾಗ, ಮಂಡಿ ಮಡಚುವಾಗ, ಕೆಲವೊಮ್ಮೆ ಸುಮ್ಮಸುಮ್ಮನೆ, ಗಂಟಲಾಳದಿಂದ 'ಹಾಂವ್' ಎಂದು ಒಂದು ಸದ್ದು ಮಾಡುತ್ತಿದ್ದಳು. ಅದು ಅವಳಿಗೇ ಗೊತ್ತಿರಲಿಲ್ಲ. ಪ್ರತಿ ಸದ್ದಿಗೂ ಓಡಿದರೆ ಕಾಲು ಸವೆಯುವುದಷ್ಟೇ ಲಾಭ ಎಂಬುದನ್ನು ಕಿವಿ ಐದನೇ ವಯಸ್ಸಿಗೇ ಕಲಿತಿದ್ದಳು.

ಕಿವಿ ಎನ್ನುವುದು ಅವಳ ಹೆಸರೇ. ಪಕ್ಕದ ಕೋಣೆಯ ಬಾಡಿಗೆಯವರು ಪಾತ್ರೆಪಗಡಗಳನ್ನೆಲ್ಲ ಕಟ್ಟಿಕೊಂಡು ಹೋದವರು ಎರಡು ವರ್ಷದ ಕೂಸೊಂದನ್ನು ಮಾತ್ರ ಬಿಟ್ಟು ಹೋಗಿದ್ದರು. ಈ ದರ್ಜಿ ದಂಪತಿ ಅದನ್ನು ಎತ್ತಿಕೊಂಡು ಬಂದರು. ಕತ್ತರಿ ಬಿದ್ದಾಗ ಕೂಸು ತಟ್ಟನೆ ತಿರುಗಿದ್ದನ್ನು ಕಂಡ ಅಮ್ಮ ತನ್ನ ಕಿವಿಯ ಹಾಲೆ ಚಿವುಟಿ ಗಂಡನಿಗೆ ತೋರಿಸಿದಳು. ಅದೇ ಹೆಸರಾಯಿತು. ಮನೆಯ ಕೈಮಾತನ್ನೆಲ್ಲ ಹೀಗೆ ಅಮ್ಮನೇ ಹುಟ್ಟಿಸಿದ್ದು. 'ತಪ್ಪು' ಎನ್ನಲು ಹೊಲಿಗೆ ಬಿಚ್ಚಿದಂತೆ, 'ಅಮ್ಮ' ಎನ್ನಲು ದಾರದ ತುದಿಯನ್ನು ತುಟಿಗೆ ತಾಗಿಸಿದಂತೆ. ಆ ಭಾಷೆ ಬಲ್ಲವರು ಜಗತ್ತಿನಲ್ಲಿ ಮೂರೇ ಜನ. ಹನ್ನೊಂದು ದಿನಗಳ ಹಿಂದೆ ಅಮ್ಮ ತೀರಿಕೊಂಡು ಇಬ್ಬರಾದರು. ಅಂದಿನಿಂದ ಅಪ್ಪ ಮಾತಿಗೆ ಕೈ ಎತ್ತಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಅವನು ಹೀಗೇ ಉಳಿದರೆ ಆ ಭಾಷೆಯಲ್ಲಿ ತನ್ನನ್ನು ಕರೆಯುವವರು ಯಾರೂ ಇರುವುದಿಲ್ಲ ಎಂದು ಕಿವಿಗೆ ತಿಳಿದಿತ್ತು.

ಅವಳೂ ಅತ್ತಿರಲಿಲ್ಲ. "ಎಷ್ಟಾದ್ರೂ ಸಾಕಿದ ಮಗಳಲ್ವಾ," ಎಂದು ಸೋದರತ್ತೆ ಮೂಗು ಮುರಿದಳು. ಕಿವಿಗೆ ಅದರಿಂದಲೂ ಏನೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡವರ ದವಡೆಯ ಹಾಗೆ ಎಲ್ಲ ಮರಗಟ್ಟಿತ್ತು.

ಯಾರಿಗೂ ಹೇಳದ ಮಾತೊಂದಿತ್ತು. ಅಮ್ಮ ತೀರಿಕೊಂಡ ಬೆಳಗ್ಗೆ ಅವಳು ಒಳಕೋಣೆಯಲ್ಲಿ ಜಡೆ ಹೆಣೆದುಕೊಳ್ಳುತ್ತಿದ್ದಳು. ಬಚ್ಚಲಿನಿಂದ 'ಹಾಂವ್' ಬಂತು. ಬಿಂದಿಗೆ ಎತ್ತುತ್ತಿದ್ದಾಳೆ ಅಂದುಕೊಂಡಳು. ಇನ್ನೊಮ್ಮೆ ಬಂತು. ಜಡೆ ಮುಗಿಸಿ ಹೋಗಿ ನೋಡಿದರೆ ಅಮ್ಮ ನೆಲದ ಮೇಲಿದ್ದಳು. ನಾಲ್ಕು ಹೆಜ್ಜೆ ಆಚೆ ಅಪ್ಪ ಬೆನ್ನು ಹಾಕಿ ಕೂತು ಯಂತ್ರ ತುಳಿಯುತ್ತಲೇ ಇದ್ದ.

ಹನ್ನೊಂದನೆಯ ದಿನ ಕಿವಿ ಕೆಲಸಕ್ಕೆ ಹೋದಳು. ಮುದ್ರಣಾಲಯದಲ್ಲಿ ಅವಳದು ಕರಡು ಓದುವ ಕೆಲಸ. ಅವಳು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಎದುರಿನವಳು ಅಚ್ಚಾದ ಹಾಳೆಯನ್ನು ತಿದ್ದಬೇಕು. ಅವತ್ತಿನದು ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರ ಕಾದಂಬರಿ. ಹಿಮಯುಗದಲ್ಲಿ ನಮ್ಮಂಥ ಮನುಷ್ಯರ ಹೆಣ್ಣುಕೂಸೊಂದು ನಿಯಾಂಡರ್ತಾಲರೆಂಬ ಆದಿಮಾನವರ ಗವಿಯಲ್ಲಿ ಬೆಳೆಯುವ ಕಥೆ. ನೂರಾ ಹನ್ನೆರಡನೆಯ ಪುಟದಲ್ಲಿ ಸಾಕುತಾಯಿ ಸಾಯುತ್ತಾಳೆ. 'ಮಾತಿಲ್ಲದ ಅವರಿಗೆ ದುಃಖವೂ ಇರಲಿಲ್ಲ. ಸುಮ್ಮನೆ ಕೂತಿದ್ದರು.' ಕಿವಿ ಓದುವುದನ್ನು ಅಲ್ಲಿಗೆ ನಿಲ್ಲಿಸಿ ಅಂಚಿನಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಮೇಷ್ಟ್ರು ಅಲ್ಲೇ ಕುರ್ಚಿಯಲ್ಲಿದ್ದರು.

"ಸಾರ್, ದುಃಖ ಇರ್ಲಿಲ್ಲ ಅಂತ ಹೇಗೆ ಗೊತ್ತಾಯ್ತು?"

"ಮಾತೇ ಇಲ್ಲ ಅಂದ್ಮೇಲೆ ದುಃಖ ಎಲ್ಲಿಂದ ಬರುತ್ತಮ್ಮ? ನೀವು ಒತ್ತು, ದೀರ್ಘ ನೋಡ್ಕೊಳ್ಳಿ, ಸಾಕು."

ಕೆಟ್ಟವರೇನಲ್ಲ, ಎಲ್ಲರಿಗೂ ಚಹಾ ತರಿಸಿದರು. ಅವಳು ಅಂಚಿನಲ್ಲಿ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದು 'ಇರಲಿ' ಎಂದು ಬರೆದರು.

ಸಂಜೆ ಮನೆಗೆ ಬಂದು ಕಾಲಿನಿಂದ ನೆಲ ತಟ್ಟಿದಳು. ಆ ಮನೆಯಲ್ಲಿ ಕರೆಯುವುದೇ ಹಾಗೆ. ಅಪ್ಪ ತಲೆ ಎತ್ತಿದ. ಹೇಳಲು ಬೇರೇನೂ ಇರದಿದ್ದರಿಂದ ಅವಳು ಕೈಯಲ್ಲಿ ಆ ಕಾದಂಬರಿಯ ಕಥೆ ಹೇಳತೊಡಗಿದಳು. ಗವಿ, ಹಿಮ, ಕೂಸು. ಗವಿಯ ತಾಯಿಗೆ ಬೇರೆ ಸಂಜ್ಞೆ ಎಲ್ಲಿಂದ ತರುವುದು? ದಾರದ ತುದಿಯನ್ನು ತುಟಿಗೆ ತಾಗಿಸಿದಳು. ಆ ತಾಯಿ ಸತ್ತಳು. ಅವರಿಗೆ ಮಾತಿಲ್ಲ, ದುಃಖವಿಲ್ಲ. ಸುಮ್ಮನೆ ಕೂತರು.

ಅಪ್ಪನ ಕೈ ಮೇಲೆದ್ದಿತು. ಗಾಳಿಯಲ್ಲಿ ಸರಸರನೆ ಹೊಲಿಗೆ ಬಿಚ್ಚಿತು. ತಪ್ಪು. ಆಮೇಲೆ ಎರಡೂ ಕೈಗಳನ್ನು ಮೊದಲಿನಂತೆ ತೊಡೆಯ ಮೇಲಿಟ್ಟು, ಗಲ್ಲದಿಂದ ಅವನ್ನೇ ತೋರಿಸಿದ. ಸುಮ್ಮನೆ ಕೂತಿರುವುದೆಂದರೆ ಏನೆಂದು ಬರೆದವನಿಗೆ ಗೊತ್ತಿಲ್ಲ, ಎಂದಂತಿತ್ತು.

ಮತ್ತೆ ಕೈ ಎತ್ತಿ ತನ್ನ ಕಿವಿಯ ಹಾಲೆ ಚಿವುಟಿದ. ತುಟಿಗೆ ದಾರ ತಾಗಿಸಿದ. ಗಂಟಲ ಬಳಿ ಬೆರಳು ಬಿಚ್ಚಿದ. ಕಿವಿ, ಅಮ್ಮ ಕೂಗಿದಳಾ?

ಇಲ್ಲವೆಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಅವಳು ಎರಡು ಬೆರಳು ತೋರಿಸಿದಳು. ಎರಡು ಸಲ. ನನಗೆ ಕೇಳಿಸಿತು. ನಾನು ಏಳಲಿಲ್ಲ. ಗಾಳಿಯಲ್ಲಿ ಜಡೆ ಹೆಣೆದು ತೋರಿಸಿದಳು.

ಅಪ್ಪ ಆ ಬೆರಳುಗಳನ್ನೇ ಬಹಳ ಹೊತ್ತು ನೋಡಿದ. ಹೊಲಿಗೆ ಬಿಚ್ಚುತ್ತಾನೆಂದು ಅವಳು ಕಾದಳು. ಅವನು ಕೇಳಿದ್ದು ಬೇರೆ: ಹೇಗಿತ್ತು?

ನಲವತ್ತು ವರ್ಷ ಆ ದನಿಯ ಪಕ್ಕದಲ್ಲೇ ಮಲಗಿ ಎದ್ದವನು. ದನಿ ಹೇಗಿತ್ತೆಂದು ಹೇಳಲು ಆ ಮನೆಯಲ್ಲಿ ಸಂಜ್ಞೆಯೇ ಇರಲಿಲ್ಲ. ಕಿವಿ ಅವನ ಅಂಗೈಯನ್ನು ತೆಗೆದು ತನ್ನ ಗಂಟಲಿಗೆ ಒತ್ತಿಕೊಂಡಳು.

'ಹಾಂವ್' ಎಂದಳು. ಎರಡನೆಯ ಸಲ ಅದು ಅರ್ಧಕ್ಕೇ ಒಡೆದು ಅಳುವಾಯಿತು.

ಅಪ್ಪ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ, ಮತ್ತೊಮ್ಮೆ, ಎಂದ.